ಗುರಿಯಿದ್ದ ಬಾಳು: ಡಾ. ಫ. ಗು. ಹಳಕಟ್ಟಿಯವರು

ಹತ್ತನೆಯ ತರಗತಿಗೆ ಬಂದ ವಿದ್ಯಾರ್ಥಿಗಳನ್ನು ಮುಂದೇನಾಗಬೇಕೆಂದಿದ್ದೀರಿ ಎಂದು ಕೇಳಿದರೆ ಉತ್ತರಗಳು ಬೇಗ ಬರುತ್ತವೆ. ಒಬ್ಬನಿಗೆ ಡಾಕ್ಟರಾಗಬೇಕು, ಒಬ್ಬಳಿಗೆ ಪೊಲೀಸು ಅಧಿಕಾರಿಯಾಗಬೇಕು, ಮತ್ತೊಬ್ಬನಿಗೆ ಹೈದರಾಬಾದಿನಲ್ಲಿ ಕಂಪ್ಯೂಟರಿನ ಕೆಲಸ ಬೇಕು. ಏಕೆ ಎಂದು ಕೇಳಿದೊಡನೆ ತರಗತಿ ಮೌನವಾಗುತ್ತದೆ. ಹಿಂದಿನ ಸಾಲಿನಲ್ಲಿ ಕೆಲವರು ಮೊದಲ ಪ್ರಶ್ನೆಗೇ ತಲೆ ತಗ್ಗಿಸಿರುತ್ತಾರೆ. ಅವರ ಮನೆಗಳಲ್ಲಿ ಬೇರೊಂದು ಪ್ರಶ್ನೆ ಕಾಡುತ್ತಿರುತ್ತದೆ. ತೆಲುಗು ನಾಡಿನಲ್ಲಿದ್ದು ಕನ್ನಡದಲ್ಲಿ ಓದಿದ ಮಗು ನಾಳೆ ಎಲ್ಲಿ ನೆಲೆ ನಿಂತೀತು ಎಂಬುದೇ ಆ ಪ್ರಶ್ನೆ. ಶಾಲೆಗೆ ಬರುವ ತಂದೆತಾಯಿಗಳ ಮುಖದಲ್ಲಿ ಈ ಚಿಂತೆಯನ್ನು ನಾವು ಕಾಣುತ್ತಲೇ ಇರುತ್ತೇವೆ. ಅದು ಸುಳ್ಳು ಚಿಂತೆಯೆಂದು ಹೇಳುವ ಧೈರ್ಯ ನಮಗಿಲ್ಲ.

ಇಂಥ ಹೊತ್ತಿನಲ್ಲಿ ಉಪದೇಶಕ್ಕಿಂತ ಒಂದು ಒಳ್ಳೆಯ ಬಾಳಿನ ಕಥೆ ಹೆಚ್ಚು ಉಪಕಾರ ಮಾಡುತ್ತದೆ. ಆದ್ದರಿಂದ ಈ ವರ್ಷದ ಸಂಚಿಕೆಗೆ ವಚನ ಪಿತಾಮಹರೆಂದು ಹೆಸರಾದ ಡಾ. ಫ. ಗು. ಹಳಕಟ್ಟಿಯವರ ಜೀವನವನ್ನು ಆರಿಸಿಕೊಂಡಿದ್ದೇವೆ. ಅವರು ದೂರದವರಲ್ಲ. ಅವರು ದುಡಿದ ಬಿಜಾಪುರ ಜಿಲ್ಲೆಯಲ್ಲಿ ಹರಿದ ಕೃಷ್ಣೆಯೇ ಕೆಳಗೆ ಬಂದು ನಮ್ಮ ಧರೂರಿನ ಬಳಿ ಜೂರಾಲ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. ನಮ್ಮ ಗದ್ವಾಲ ತಾಲ್ಲೂಕೂ 1956ರವರೆಗೆ ರಾಯಚೂರು ಜಿಲ್ಲೆಗೇ ಸೇರಿತ್ತು. ಒಂದೇ ನದಿಯ ನೀರು ಕುಡಿದ ಹಿರಿಯರೊಬ್ಬರ ಕಥೆಯೆಂದು ಇದನ್ನು ಓದಬಹುದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಪುಸ್ತಕಗಳನ್ನು ಬರೆದವರು. ತಾಯಿ ದಾನಮ್ಮನವರು ಮಗ ಇನ್ನೂ ಎಳೆಯನಾಗಿದ್ದಾಗಲೇ ತೀರಿಕೊಂಡರು. ತಾಯಿಯಿಲ್ಲದ ಮಗುವನ್ನು ಅಜ್ಜಿ ಸಾಕಿದರು. ಹಣಕ್ಕಿಂತ ಅಕ್ಷರಕ್ಕೆ ಬೆಲೆ ಕೊಡುವ ಮನೆತನವದು.

ಆ ದಿನಗಳ ಧಾರವಾಡವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಕನ್ನಡ ನಾಡೆಂಬುದು ಆಗ ಒಂದೇ ಆಡಳಿತದಲ್ಲಿರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತದಲ್ಲಿ, ಬಳ್ಳಾರಿ ಮತ್ತು ಮಂಗಳೂರು ಮದ್ರಾಸು ಪ್ರಾಂತದಲ್ಲಿ, ರಾಯಚೂರು, ಕಲಬುರಗಿ, ಬೀದರಗಳು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಇದ್ದವು. ಮೈಸೂರು ಬೇರೆಯೇ ಸಂಸ್ಥಾನ. ಮುಂಬಯಿ ಪ್ರಾಂತದ ಕನ್ನಡಿಗರ ಮೇಲೆ ಮರಾಠಿಯ ಪ್ರಭಾವ ಬಹಳವಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಗ ನಮ್ಮ ಫಕೀರಪ್ಪನಿಗೆ ಹತ್ತು ವರ್ಷ. ಕನ್ನಡವನ್ನು ಉಳಿಸಬೇಕೆಂಬ ಮಾತು ಊರಿನಲ್ಲಿ ಕೇಳಿಬರುತ್ತಿದ್ದ ಕಾಲದಲ್ಲಿ ಆ ಹುಡುಗ ಬೆಳೆದ.

ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ, ಅವರು ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ಸ್ ಕಾಲೇಜನ್ನು ಸೇರಿದರು. 1901ರಲ್ಲಿ ಬಿ. ಎ. ಪದವಿಯನ್ನೂ 1904ರಲ್ಲಿ ಎಲ್‌ಎಲ್. ಬಿ. ಪದವಿಯನ್ನೂ ಪಡೆದರು. ಮುಂಬಯಿಯ ಮರಾಠಿಗರೂ ಗುಜರಾತಿಗಳೂ ತಮ್ಮ ಭಾಷೆಗಾಗಿ ಮಾಡುತ್ತಿದ್ದ ಕೆಲಸ, ನಡೆಸುತ್ತಿದ್ದ ಪತ್ರಿಕೆಗಳು, ಕಟ್ಟುತ್ತಿದ್ದ ಸಂಘಗಳು ಈ ತರುಣನ ಕಣ್ಣಿಗೆ ಬಿದ್ದವು. ಅವರನ್ನು ನೋಡಿ ಹೊಟ್ಟೆಕಿಚ್ಚು ಪಡುವ ಬದಲು, ನಮ್ಮಲ್ಲಿ ಈ ಕೆಲಸವನ್ನು ಯಾರು ಮಾಡಬೇಕು ಎಂದು ಅವರು ಯೋಚಿಸಿದರು. ಮುಂದೆ ಕನ್ನಡ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರ ಒಡನಾಟ ಅಲ್ಲಿಯೇ ದೊರೆಯಿತು. ಇಬ್ಬರೂ ಒಂದೇ ತಿಂಗಳಲ್ಲಿ ಹತ್ತು ದಿನಗಳ ಅಂತರದಲ್ಲಿ ಹುಟ್ಟಿದವರು. ಬಿಜಾಪುರದಲ್ಲಿ ಹುಟ್ಟಿದ ಆಲೂರರು ಧಾರವಾಡದಲ್ಲಿ ನೆಲೆಸಿ ದುಡಿದರು, ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ಬಿಜಾಪುರದಲ್ಲಿ ನೆಲೆಸಿ ದುಡಿದರು.

ಇಲ್ಲಿಯವರೆಗೆ ನೋಡಿದರೆ ಇದು ಓದಿನಲ್ಲಿ ಮುಂದಿದ್ದ ಒಬ್ಬ ಬಡ ಮೇಷ್ಟರ ಮಗನ ಕಥೆ. ವಕೀಲನಾಗಬೇಕು, ಮನೆ ಕಟ್ಟಬೇಕು, ಹೆಸರು ಗಳಿಸಬೇಕು. ಇದು ಅವರ ಯೋಜನೆ. ಗುರಿ ಇನ್ನೂ ಕಂಡಿರಲಿಲ್ಲ.

ತಾಳೆಗರಿಯ ಕಟ್ಟು

1903ರ ಸುಮಾರಿಗೆ, ಅಂದರೆ ಇನ್ನೂ ಕಾನೂನು ಓದುತ್ತಿದ್ದಾಗಲೇ, ರಬಕವಿಯ ಕಡೆಯ ಒಂದು ಮನೆಯಲ್ಲಿ ಅವರಿಗೆ ತಾಳೆಗರಿಯ ಕಟ್ಟುಗಳು ಕಂಡವು. ಅವುಗಳಲ್ಲಿ ಶಿವಶರಣರ ವಚನಗಳಿದ್ದವು. ಅದೇ ಅವರ ಬಾಳಿನ ತಿರುವು.

ಇಂದು ಬಸವಣ್ಣನವರ ವಚನ ಬಾರದ ಕನ್ನಡ ವಿದ್ಯಾರ್ಥಿಯೇ ಇಲ್ಲ. ನಿಮ್ಮ ಪಠ್ಯಪುಸ್ತಕದಲ್ಲಿ ವಚನಗಳಿವೆ, ಶಾಲೆಯ ಪ್ರಾರ್ಥನೆಯಲ್ಲಿಯೂ ಇವೆ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ಕೆಲವು ವಚನಗಳು ಮಾತ್ರ ಅಚ್ಚಾಗಿದ್ದವು. ಉಳಿದವು ಮಠಗಳ ಅಟ್ಟದ ಮೇಲೆ, ಮನೆಗಳ ದೇವರ ಜಗುಲಿಯಲ್ಲಿ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದವು. ಹಬ್ಬದ ದಿನ ಆ ಕಟ್ಟಿಗೆ ವಿಭೂತಿ ಹಚ್ಚಿ, ಹೂವೇರಿಸಿ ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುವವರು ವಿರಳವಾಗಿದ್ದರು. ಗೆದ್ದಲು ತಿಂದು, ಮಳೆಯಲ್ಲಿ ನೆನೆದು, ಒಲೆಯ ಹೊಗೆಗೆ ಸಿಕ್ಕಿ ಎಷ್ಟೋ ಕಟ್ಟುಗಳು ಹಾಳಾಗುತ್ತಿದ್ದವು.

ತಾಳೆಗರಿಯನ್ನು ಓದುವುದು ಎಷ್ಟು ಕಷ್ಟವೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಹದ ಮಾಡಿದ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದ ಗೆರೆಗೆ ಕಾಡಿಗೆ ಸವರಿದಾಗ ಬರಹ ಕಾಣುತ್ತಿತ್ತು. ಗರಿಯ ನಡುವೆ ತೂತು ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟುತ್ತಿದ್ದರು. ಪದ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಪೂರ್ಣವಿರಾಮವಿಲ್ಲ, ಅಲ್ಪವಿರಾಮವಿಲ್ಲ. ಒಂದು ವಚನ ಮುಗಿದು ಇನ್ನೊಂದು ಆರಂಭವಾದುದು ತಿಳಿಯಬೇಕಾದರೆ ಕೊನೆಯಲ್ಲಿ ಬರುವ ಅಂಕಿತವನ್ನು ಗುರುತಿಸಬೇಕು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ರೀತಿ, ಮತ್ತೊಂದರಲ್ಲಿ ಇನ್ನೊಂದು ರೀತಿ ಇರುತ್ತದೆ. ನಾಲ್ಕಾರು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ಯಾವುದು ಸರಿಯಾದ ಪಾಠವೆಂದು ನಿರ್ಣಯಿಸಬೇಕು. ಒಂದು ದಿನದ ದುಡಿಮೆಗೆ ಎರಡು ಮೂರು ಗರಿಗಳು ಮುಗಿದರೆ ಅದೇ ಹೆಚ್ಚು.

ಈ ಕೆಲಸ ಮಾಡೆಂದು ಹಳಕಟ್ಟಿಯವರಿಗೆ ಯಾರೂ ಹೇಳಿರಲಿಲ್ಲ. ಸಂಬಳವಿಲ್ಲ, ಹುದ್ದೆಯಿಲ್ಲ, ಪರೀಕ್ಷೆಯಿಲ್ಲ. ತಮ್ಮ ಕಣ್ಣೆದುರಿಗೇ ಒಂದು ಬೆಲೆಬಾಳುವ ವಸ್ತು ಹಾಳಾಗುತ್ತಿದೆ, ಅದನ್ನು ಉಳಿಸಲು ಬೇಕಾದ ಓದು ತಮಗಿದೆ, ಬೇರೆ ಯಾರೂ ಕೈಹಾಕಿಲ್ಲ ಎಂಬುದು ಅವರಿಗೆ ತಿಳಿಯಿತು. ಗುರಿ ಎಂಬುದು ಹೀಗೆ ಹುಟ್ಟುತ್ತದೆ. ಕಣ್ಣು ಮುಚ್ಚಿ ಕುಳಿತು, ನನ್ನ ಗುರಿ ಯಾವುದು ಎಂದು ಚಿಂತಿಸಿದರೆ ಅದು ಸಿಕ್ಕುವುದಿಲ್ಲ. ಕಣ್ಣು ತೆರೆದು ಸುತ್ತಲೂ ನೋಡಿದವನಿಗೆ ಮಾಡಬೇಕಾದ ಕೆಲಸ ಎದುರಿಗೆ ನಿಂತಿರುತ್ತದೆ.

ವಕೀಲಿ ಮತ್ತು ಊರ ಕೆಲಸ

ಗುರಿ ಕಂಡಿತೆಂದು ಹಳಕಟ್ಟಿಯವರು ಓದನ್ನು ಬಿಟ್ಟು ಓಡಲಿಲ್ಲ. ಇದನ್ನು ನಮ್ಮ ತರುಣರು ವಿಶೇಷವಾಗಿ ಗಮನಿಸಬೇಕು. ಅವರು ಕಾನೂನು ಪದವಿಯನ್ನು ಮುಗಿಸಿದರು. ಮೊದಲು ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಬೇಗನೆ ಬಿಜಾಪುರಕ್ಕೆ ಬಂದು ನೆಲೆಸಿದರು. ಅಲ್ಲಿ ಒಳ್ಳೆಯ ವಕೀಲರೆಂದು ಹೆಸರು ಮಾಡಿದರು, ಸರ್ಕಾರಿ ವಕೀಲರೂ ಆದರು. ಹಗಲಿನಲ್ಲಿ ನ್ಯಾಯಾಲಯ, ಉಳಿದ ಹೊತ್ತಿನಲ್ಲಿ ತಾಳೆಗರಿ. ರಜೆ ಬಂದರೆ ಹಳ್ಳಿಹಳ್ಳಿಗೆ ಪ್ರಯಾಣ. ಯಾವ ಮಠದಲ್ಲಿ, ಯಾರ ಮನೆಯಲ್ಲಿ ಕಟ್ಟುಗಳಿವೆಯೆಂದು ವಿಚಾರಿಸುವುದು, ಕೊಡಲೊಲ್ಲದವರ ಮನವೊಲಿಸುವುದು, ಪ್ರತಿ ಮಾಡಿಕೊಳ್ಳುವುದು. ಕಕ್ಷಿಗಾರರು ಕೊಟ್ಟ ಹಣವೇ ಈ ಪ್ರಯಾಣಗಳಿಗೆ ದಾರಿಖರ್ಚಾಯಿತು. ವೃತ್ತಿಯು ಅವರಿಗೆ ಗುರಿಯಾಗಿರಲಿಲ್ಲ, ಗುರಿಯತ್ತ ಹೋಗುವ ಬಂಡಿಯಾಗಿತ್ತು. ಬಂಡಿಯಿಲ್ಲದೆ ಹೊರಟವರು ಅರ್ಧ ದಾರಿಯಲ್ಲಿ ಕುಳಿತುಬಿಡುತ್ತಾರೆ.

ಬಿಜಾಪುರ ಬರದ ಜಿಲ್ಲೆ. ಮಳೆ ಕೈಕೊಟ್ಟರೆ ಊರಿಗೆ ಊರೇ ಗುಳೆ ಹೋಗುವುದು, ಸಾಲಗಾರರ ಬಾಗಿಲಲ್ಲಿ ರೈತ ನಿಲ್ಲುವುದು ಅಲ್ಲಿ ಸಾಮಾನ್ಯವಾಗಿತ್ತು. ಪಾಲಮೂರಿನ ಗುಳೆಯನ್ನು ಕಂಡ ನಮ್ಮ ಭಾಗದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಚನಗಳನ್ನು ಓದಿ ಪುಳಕಿತರಾಗಿ ಕುಳಿತುಕೊಳ್ಳುವುದು ಹಳಕಟ್ಟಿಯವರ ಸ್ವಭಾವವಾಗಿರಲಿಲ್ಲ. ಶರಣರು ಹೇಳಿದ ಕಾಯಕವನ್ನೂ ದಾಸೋಹವನ್ನೂ ತಮ್ಮ ಕಾಲಕ್ಕೆ ತಕ್ಕಂತೆ ಹೇಗೆ ನಡೆಸಬೇಕೆಂದು ಅವರು ಯೋಚಿಸಿದರು. 1910ರಲ್ಲಿ ಬಿಜಾಪುರದಲ್ಲಿ ಹುಟ್ಟಿದ ಬಿ. ಎಲ್. ಡಿ. ಇ. ವಿದ್ಯಾಸಂಸ್ಥೆಯ ಸ್ಥಾಪಕರಲ್ಲಿ ಅವರು ಮುಖ್ಯರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರೇ ಮುಂದಾದರು. ಬಡವನಿಗೆ ಹೆಚ್ಚಿನ ಬಡ್ಡಿಯಿಲ್ಲದೆ ಸಾಲ ಸಿಕ್ಕಬೇಕು, ಬಡವನ ಮಗನಿಗೆ ಶಾಲೆ ಸಿಕ್ಕಬೇಕು ಎಂಬುದು ಅವರ ಹಂಬಲ. ಬರ ಬಂದಾಗ ಜನರಿಗೆ ನೆರವಾಗುವ ಕೆಲಸಕ್ಕೂ ನಿಂತರು. ಮುಂಬಯಿ ಶಾಸನ ಸಭೆಯ ಸದಸ್ಯರಾಗಿಯೂ ದುಡಿದರು.

ಮೌಲ್ಯ ಎಂಬ ಪದವನ್ನು ನಾವು ಪಾಠದಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಅದರ ಅರ್ಥವೇನೆಂದು ಕೇಳಿದರೆ ಹಳಕಟ್ಟಿಯವರ ಈ ಕೆಲಸಗಳನ್ನು ತೋರಿಸಬಹುದು. ಓದಿದ್ದನ್ನು ನಂಬುವುದು, ನಂಬಿದ್ದನ್ನು ನಡೆಸುವುದು, ನಡೆಸುವಾಗ ಲೆಕ್ಕ ಸರಿಯಾಗಿಡುವುದು. ಇದಕ್ಕಿಂತ ದೊಡ್ಡ ಅರ್ಥ ಬೇಕಾಗಿಲ್ಲ.

ಅಚ್ಚಿನ ಮನೆ

ಇಪ್ಪತ್ತು ವರ್ಷಗಳ ಕಾಲ ಸಂಗ್ರಹಿಸಿ, ಓದಿ, ಹೋಲಿಸಿ, ವಿಷಯವಾರು ಜೋಡಿಸಿ ಹಳಕಟ್ಟಿಯವರು ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದರು. ಅದನ್ನು ಅಚ್ಚು ಮಾಡಿಸಲು ಮಂಗಳೂರಿನ ಹೆಸರಾಂತ ಮುದ್ರಣಾಲಯಕ್ಕೆ ಕಳುಹಿಸಿದರು. ಅಲ್ಲಿಂದ ಅದು ಅಚ್ಚಾಗದೆ ಹಿಂತಿರುಗಿತು. ಇಪ್ಪತ್ತು ವರ್ಷಗಳ ದುಡಿಮೆ ಗಂಟಿನಂತೆ ಮನೆಗೆ ಮರಳಿದಾಗ ಮನಸ್ಸಿಗೆ ಏನಾಗಿರಬಹುದೆಂದು ನಾವು ಊಹಿಸಬಹುದು. ಅವರು ಕೈಚೆಲ್ಲಲಿಲ್ಲ. ಬೆಳಗಾವಿಯಲ್ಲಿ ಬೇರೊಂದು ಮುದ್ರಣಾಲಯ ಹುಡುಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗ ಹೊರಬಂದಿತು. ಆಗ ಅವರಿಗೆ ನಲವತ್ತಮೂರು ವರ್ಷ.

ಕನ್ನಡದ ವಿದ್ವಾಂಸರು ಈ ಗ್ರಂಥವನ್ನು ಕಂಡು ಬೆರಗಾದರು. ಹನ್ನೆರಡನೆಯ ಶತಮಾನದಲ್ಲಿ ಅರಸರನ್ನು ಹೊಗಳದೆ, ಆಡುಮಾತಿನಲ್ಲಿ, ಅಗಸ, ಅಂಬಿಗ, ಮೇದ, ಹಗ್ಗ ಹೊಸೆಯುವವ, ಅಕ್ಕಿ ಆಯುವ ಹೆಣ್ಣುಮಗಳು ಹೀಗೆ ಎಲ್ಲ ಕಸುಬಿನವರೂ ರಚಿಸಿದ ಸಾಹಿತ್ಯ ನಮ್ಮಲ್ಲಿದೆಯೆಂಬುದು ನಾಡಿಗೆ ನಾಡೇ ತಿಳಿಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ಅಟ್ಟದಿಂದ ಇಳಿದು ಪುಸ್ತಕಕ್ಕೆ ಬಂದರು. ಅದುವರೆಗೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದು, ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆ 250ಕ್ಕೆ ಏರಿತೆಂದು ಹೇಳುತ್ತಾರೆ.

ಆದರೆ ಒಂದು ಗ್ರಂಥದಿಂದ ಕೆಲಸ ಮುಗಿಯುವಂತಿರಲಿಲ್ಲ. ಕಟ್ಟುಗಳು ಇನ್ನೂ ಬಹಳವಿದ್ದವು. ಪ್ರತಿ ಸಲ ಪರರ ಮುದ್ರಣಾಲಯದ ಬಾಗಿಲಲ್ಲಿ ಕಾಯುತ್ತಿದ್ದರೆ ಒಂದು ಜನ್ಮ ಸಾಲದೆಂದು ಅವರಿಗೆ ಅನಿಸಿತು. 1925ರಲ್ಲಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿ ಬಿಜಾಪುರದಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಎಂಬ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆಯನ್ನೂ ಆರಂಭಿಸಿದರು. ಶಿವಾನುಭವದಲ್ಲಿ ಶರಣ ಸಾಹಿತ್ಯ ಒಂದೊಂದಾಗಿ ಬೆಳಕು ಕಂಡಿತು. ನವಕರ್ನಾಟಕದಲ್ಲಿ ನಾಡಿನ ಏಕೀಕರಣದ ಮಾತು, ಹಳ್ಳಿಗಳ ಏಳಿಗೆಯ ಮಾತು ಬಂದಿತು. 1926ರಲ್ಲಿಯೇ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ನಾಡು ಗೌರವ ಸಲ್ಲಿಸಿತು. ಮುಂದೆ ಅವರು ಶೂನ್ಯಸಂಪಾದನೆಯನ್ನೂ ಹರಿಹರ ಕವಿಯ ರಗಳೆಗಳನ್ನೂ ಸಂಪಾದಿಸಿ ಪ್ರಕಟಿಸಿದರು.

ಪತ್ರಿಕೆಗೆ ಚಂದಾದಾರರು ಬಹಳವಿರಲಿಲ್ಲ. ತಾವೇ ಬರೆಯಬೇಕು, ತಾವೇ ಕರಡು ತಿದ್ದಬೇಕು, ಅಂಚೆಗೆ ಹಾಕುವವರೆಗಿನ ಚಿಂತೆ ತಮ್ಮದೇ. ಆದರೂ ಮೂರು ದಶಕಗಳಿಗೂ ಹೆಚ್ಚು ಕಾಲ ಶಿವಾನುಭವ ಬದುಕಿತು. ಉತ್ಸಾಹದಿಂದ ಆರಂಭಿಸಿ ಮೂರನೆಯ ಸಂಚಿಕೆಗೆ ನಿಲ್ಲಿಸುವ ಪತ್ರಿಕೆಗಳು ಎಷ್ಟಿಲ್ಲ! ಹೊಸ ವರ್ಷದ ಮೊದಲ ವಾರ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ, ಸಂಕ್ರಾಂತಿಯ ಹೊತ್ತಿಗೆ ಮರೆಯುವ ನಮ್ಮ ವಿದ್ಯಾರ್ಥಿಗಳಿಗೆ ಈ ಮೂರು ದಶಕಗಳ ಲೆಕ್ಕವನ್ನು ನೆನಪಿಸಲೇಬೇಕು.

ಮನೆಯವರು ತೆತ್ತ ಬೆಲೆ

ಮಹನೀಯರ ಚರಿತ್ರೆ ಬರೆಯುವಾಗ ತ್ಯಾಗವನ್ನು ಹೊಗಳಿ ಮುಂದೆ ಹೋಗುವುದು ರೂಢಿ. ಇಲ್ಲಿ ಒಂದು ಕ್ಷಣ ನಿಲ್ಲುವುದು ಒಳ್ಳೆಯದು. ಮನೆ ಮಾರಿದಾಗ ಹಳಕಟ್ಟಿಯವರೊಬ್ಬರೇ ಮನೆಯಿಲ್ಲದವರಾಗಲಿಲ್ಲ. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಅದೇ ಬಿಸಿಲಿಗೆ ನಿಂತರು. ಮುದ್ರಣಾಲಯ ಮತ್ತು ಪತ್ರಿಕೆಗಳು ವಕೀಲಿಯ ಗಳಿಕೆಯನ್ನು ನುಂಗಿದವು. ಕೊನೆಯ ವರ್ಷಗಳಲ್ಲಿ ಆ ಸಂಸಾರ ಬಡತನದಲ್ಲಿಯೇ ದಿನ ಕಳೆಯಿತು. ಬ್ಯಾಂಕು ಕಟ್ಟಿದವರ ಮನೆಯಲ್ಲಿ ಹಣವಿರಲಿಲ್ಲ.

ಹಾಗಾದರೆ ಎಲ್ಲರೂ ಮನೆ ಮಾರಬೇಕೇ? ಖಂಡಿತವಾಗಿ ಇಲ್ಲ. ಅಂಥ ಪಾಠವನ್ನು ನಾವು ಯಾವ ಮಗುವಿಗೂ ಹೇಳಿಕೊಡಲಾರೆವು. ಗಂಟು ಕಟ್ಟಿ ಮುಂಬಯಿಗೋ ಪುಣೆಗೋ ಕೂಲಿಗೆ ಹೋಗಿ ಮಗಳ ಶುಲ್ಕ ಕಟ್ಟುವ ತಂದೆಯ ಮುಂದೆ ತ್ಯಾಗದ ಭಾಷಣ ಮಾಡುವುದು ಸಲ್ಲದು. ಅವನು ಮಾಡುತ್ತಿರುವುದೇ ತ್ಯಾಗ. ಈ ಪ್ರಸಂಗದಿಂದ ತಿಳಿಯಬೇಕಾದುದು ಬೇರೆ. ದೊಡ್ಡ ಗುರಿಗೆ ಬೆಲೆಯುಂಟು, ಆ ಬೆಲೆಯನ್ನು ಒಬ್ಬನೇ ತೆರುವುದಿಲ್ಲ, ಮನೆಯವರೆಲ್ಲ ಸೇರಿ ತೆರುತ್ತಾರೆ. ಆದ್ದರಿಂದ ಮುಂದಿನ ಯೋಜನೆಯನ್ನು ಮಕ್ಕಳು ಮುಚ್ಚಿಟ್ಟು ಮಾಡಬಾರದು, ತಂದೆತಾಯಿಗಳು ಹೇರಿಯೂ ಮಾಡಬಾರದು. ಊಟದ ಹೊತ್ತಿನಲ್ಲಿ ಎಲ್ಲರೂ ಕೂಡಿ ಕುಳಿತು ಮಾತಾಡಬೇಕು. ಎಷ್ಟು ಖರ್ಚು, ಎಷ್ಟು ವರ್ಷ, ಯಾರು ಏನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತು ಇನ್ನೂ ಹೆಚ್ಚು ಬೇಕು. ಏಕೆಂದರೆ ಮನೆಯಲ್ಲಿ ಏನನ್ನಾದರೂ ಬಿಟ್ಟುಕೊಡಬೇಕಾದಾಗ ಮೊದಲು ನೆನಪಾಗುವುದು ಅವರ ಓದೇ.

ಫಲ

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹಳಕಟ್ಟಿಯವರಿಗೆ ಗೌರವ ಡಿ. ಲಿಟ್. ಪದವಿಯನ್ನು ನೀಡಿತು. ಅದೇ ವರ್ಷ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅಂದೇ ನಮ್ಮ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ ಆಂಧ್ರ ಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಗಡಿ ಹೇಗೇ ಎಳೆದರೂ ಎರಡು ಭಾಷೆ ಕೂಡಿ ಬಾಳುವ ಊರುಗಳು ಎರಡು ಕಡೆಯೂ ಉಳಿಯುತ್ತವೆ. 1964ನೆಯ ಇಸವಿ ಜೂನ್ 29ರಂದು ಬಿಜಾಪುರದಲ್ಲಿ ಹಳಕಟ್ಟಿಯವರು ತಮ್ಮ ಎಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಮೂರು ದಿನಗಳಿರುವಾಗ ನಿಧನರಾದರು.

ಅವರು ನೆಟ್ಟ ಗಿಡಗಳು ಇಂದು ಮರಗಳಾಗಿವೆ. ಬಿ. ಎಲ್. ಡಿ. ಇ. ಸಂಸ್ಥೆ ಬೆಳೆದು ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳನ್ನು ನಡೆಸುತ್ತಿದೆ. ಅದರ ಇಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಹಳಕಟ್ಟಿಯವರು ಹಾಕಿದ ಬುನಾದಿಯ ಮೇಲೆ ಅನೇಕ ವಿದ್ವಾಂಸರು ದುಡಿದರು. 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಆಯ್ದ ವಚನಗಳು ತೆಲುಗು ಸೇರಿ ಭಾರತದ ಹಲವು ಭಾಷೆಗಳಿಗೆ ಅನುವಾದವಾಗಿವೆ. ಕರ್ನಾಟಕದಲ್ಲಿ ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತಾರೆ. ಬಿಜಾಪುರಕ್ಕೆ ಹೋದವರು ಗೋಳಗುಮ್ಮಟವನ್ನು ನೋಡಿ ಬರುತ್ತಾರೆ. ಆ ಊರಿನಲ್ಲಿ ಇನ್ನೊಂದು ಗುಮ್ಮಟವಿತ್ತೆಂದು, ಅದು ವಚನ ಗುಮ್ಮಟವೆಂದು ಹಿರಿಯರು ಹಳಕಟ್ಟಿಯವರನ್ನು ಕೊಂಡಾಡುತ್ತಿದ್ದರು.

ನಮ್ಮ ವಿದ್ಯಾರ್ಥಿಗಳಿಗೆ

ಪ್ರಿಯ ವಿದ್ಯಾರ್ಥಿಗಳೇ, ಈ ಬಾಳಿನಿಂದ ಮೂರು ಮಾತುಗಳನ್ನು ನೀವು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಮೊದಲನೆಯದು, ಕನ್ನಡದಲ್ಲಿ ಓದಿದ್ದು ನಿಮ್ಮ ಕಾಲಿಗೆ ಸಂಕೋಲೆಯಲ್ಲ. ಆದರೆ ಕನ್ನಡವೊಂದೇ ಸಾಕೆಂದು ಕುಳಿತರೆ ಅದು ಸಂಕೋಲೆಯಾದೀತು. ಹಳಕಟ್ಟಿಯವರು ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ವಿಜ್ಞಾನ, ಕಾನೂನುಗಳನ್ನು ಓದಿದರು, ಆ ತಿಳಿವಳಿಕೆಯನ್ನು ಕನ್ನಡಕ್ಕೆ ತಂದು ಸುರಿದರು. ನಿಮಗಂತೂ ತೆಲುಗು ಬೀದಿಯಲ್ಲೇ ಸಿಕ್ಕಿದೆ. ತೆಲಂಗಾಣದ ಪಾಲಕುರಿಕಿ ಸೋಮನಾಥ ತೆಲುಗಿನಲ್ಲಿ ಬಸವಪುರಾಣವನ್ನು ಬರೆದ, 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ಎರಡು ಭಾಷೆ ಬಲ್ಲವರೇ ಇಂಥ ಸೇತುವೆ ಕಟ್ಟುವವರು. ಶಿಕ್ಷಕ, ಅನುವಾದಕ, ವಕೀಲ, ದಾದಿ, ಬ್ಯಾಂಕಿನ ಗುಮಾಸ್ತ ಯಾರೇ ಆಗಲಿ, ಗಡಿಯ ಜನರಿಗೆ ಅವರ ಮಾತಿನಲ್ಲೇ ತಿಳಿಹೇಳಬಲ್ಲವರು ಬೇಕು. ಆ ಜಾಗ ನಿಮ್ಮದು.

ಎರಡನೆಯದು, ಯೋಜನೆಯನ್ನು ಮನಸ್ಸಿನಲ್ಲಿಡದೆ ಕಾಗದದ ಮೇಲಿಡಿ. ಹತ್ತನೆಯ ತರಗತಿಯ ನಂತರ ಇಂಟರ್ಮೀಡಿಯೆಟ್ ಎರಡು ವರ್ಷ. ಅದರಲ್ಲಿ ಎಂ. ಪಿ. ಸಿ., ಬೈ. ಪಿ. ಸಿ., ಸಿ. ಇ. ಸಿ. ಮುಂತಾದ ವಿಭಾಗಗಳಿವೆ. ಪ್ರವೇಶ ಪರೀಕ್ಷೆ ಬರೆದರೆ ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಕೈಕಸುಬು ಕಲಿಯುವವರಿಗೆ ಐ. ಟಿ. ಐ. ಇದೆ. ಹತ್ತನೆಯ ತರಗತಿಯ ಅಂಕಗಳ ಮೇಲೆ ಸೇರಿಸಿಕೊಳ್ಳುವ ಬಾಸರದ ವಿಶ್ವವಿದ್ಯಾಲಯವೂ ಇದೆ. ಗೆಳೆಯ ಹೋದನೆಂದು ಹೋಗಬೇಡಿ. ಒಂದು ನೋಟುಪುಸ್ತಕದ ಹಾಳೆಯಲ್ಲಿ ಮೂರು ಸಾಲುಗಳನ್ನು ಎಳೆಯಿರಿ. ಒಂದರಲ್ಲಿ ನಿಮಗೆ ಬೇಸರವಿಲ್ಲದೆ ಮಾಡಲು ಬರುವ ಕೆಲಸಗಳನ್ನು ಬರೆಯಿರಿ. ಇನ್ನೊಂದರಲ್ಲಿ ನಿಮ್ಮ ಊರಿನಲ್ಲಿ ಯಾರೂ ಕೈಹಾಕದೆ ಹಾಳಾಗುತ್ತಿರುವುದನ್ನು ಬರೆಯಿರಿ. ಮೂರನೆಯದರಲ್ಲಿ ಮನೆಯ ಶಕ್ತಿ, ಖರ್ಚು, ವರ್ಷಗಳ ಲೆಕ್ಕ ಬರೆಯಿರಿ. ಮೂರೂ ಸಾಲುಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಬೆರಳಿಟ್ಟು ನೋಡಿ. ಆ ಹಾಳೆಯನ್ನು ತಂದರೆ ನಾವು ನಿಮ್ಮೊಡನೆ ಕುಳಿತು ಮಾತಾಡಲು ಸಿದ್ಧ.

ಮೂರನೆಯದು, ಇಂದೇ ಕಾಣದಿದ್ದರೆ ಹೆದರಬೇಡಿ. ಹಳಕಟ್ಟಿಯವರಿಗೆ ಗುರಿ ಕಂಡಾಗ ಇಪ್ಪತ್ತಮೂರು ವರ್ಷ, ಅದು ಪುಸ್ತಕವಾಗಿ ಹೊರಬಂದಾಗ ನಲವತ್ತಮೂರು. ಹದಿನೈದನೆಯ ವಯಸ್ಸಿನಲ್ಲಿ ಅವರೂ ನಿಮ್ಮ ಹಾಗೆಯೇ ಪರೀಕ್ಷೆಗೆ ಓದುತ್ತಿದ್ದ ಹುಡುಗ. ಆದರೆ ಕೈಗೆ ಬಂದ ಓದನ್ನು ಅರ್ಧಕ್ಕೆ ಬಿಡಲಿಲ್ಲ. ತಾಳೆಗರಿ ಎದುರಿಗೆ ಬಂದ ದಿನ ಅದನ್ನು ಓದಬಲ್ಲವರಾಗಿದ್ದರು. ನಿಮ್ಮ ಎದುರಿಗೂ ಒಂದು ದಿನ ನಿಮ್ಮದೇ ಆದ ಕಟ್ಟು ಬರುತ್ತದೆ. ಆ ದಿನಕ್ಕೆ ನಿಮ್ಮನ್ನು ಸಿದ್ಧಗೊಳಿಸುವುದೇ ಶಾಲೆಯ ಕೆಲಸ.

ತಂದೆತಾಯಿಗಳಲ್ಲಿಯೂ ಒಂದು ವಿನಂತಿ. ಮಗು ಏನಾಗುತ್ತಾನೆ ಎಂಬುದರ ಜೊತೆಗೆ, ಯಾರಿಗೆ ಉಪಯೋಗವಾಗುತ್ತಾನೆ ಎಂಬುದನ್ನೂ ಮನೆಯಲ್ಲಿ ಮಾತಾಡಿರಿ. ಧಾರವಾಡದ ಆ ಬಡ ಶಿಕ್ಷಕರ ಮನೆಯಲ್ಲಿ ಅಂಥ ಮಾತು ನಡೆದಿರಬೇಕು. ಇಲ್ಲವಾದರೆ ಫಕೀರಪ್ಪನೆಂಬ ಹುಡುಗ ಬಿಜಾಪುರದ ಒಬ್ಬ ಸಿರಿವಂತ ವಕೀಲನಾಗಿ ಬಾಳಿ ಮರೆಯಾಗುತ್ತಿದ್ದ, ನಮ್ಮ ವಚನಗಳನ್ನು ಗೆದ್ದಲು ತಿನ್ನುತ್ತಿತ್ತು.

ಈ ವರ್ಷ ಶಾಲೆ ಬಿಟ್ಟು ಹೊರಡುವ ನಮ್ಮ ಎಲ್ಲ ವಿದ್ಯಾರ್ಥಿ ವಿದ್ಯಾರ್ಥಿನಿಯರ ಬಾಳು ಗುರಿಯುಳ್ಳದ್ದಾಗಲಿ, ನಾಲ್ಕು ಜನರಿಗೆ ನೆರಳಾಗಲಿ ಎಂದು ಹಾರೈಸುತ್ತೇವೆ.